ಮಾದಪ್ಪನ ಹುಲಿ, ನಮ್ಮ ಕೆಂದಿ

ನಾನು ಚಿಕ್ಕವನಿದ್ದಾಗ ಲೊಕ್ಕನಹಳ್ಳಿಯಲ್ಲಿ ಕಾಡಿಗೂ ನಮ್ಮ ಹೊಲಕ್ಕೂ ನಡುವೆ ಒಂದು ಕತ್ತಾಳೆ ಬೇಲಿ ಮಾತ್ರ ಇತ್ತು. ಬೇಲಿಯ ಮರ್ಯಾದೆ ಪ್ರಾಣಿಗಳಿಗೇನು ಗೊತ್ತು? ರಾಗಿ ತೆನೆ ಕಟ್ಟಿದರೆ ಹಂದಿ ಬರುತ್ತಿದ್ದವು, ಅವರೆ ಹೂ ಬಿಟ್ಟರೆ ಜಿಂಕೆ. ಅಪ್ಪ ಹೊಲ ಕಾದು ಕಾದು, ಕೂತಲ್ಲೇ ತೂಕಡಿಸುವ ಹಾಗಾಗಿದ್ದ.

ಒಂದು ಸಂಜೆ ಮೇಯಲು ಹೋದ ನಮ್ಮ ಕೆಂದಿ ಹಸು ಮನೆಗೆ ಬರಲಿಲ್ಲ. ಕೊಟ್ಟಿಗೆಯಲ್ಲಿ ಅದರ ಎಳೆಗರು ಒಂದೇ ಸಮನೆ ಕೂಗುತ್ತಿತ್ತು. ಬೆಳಿಗ್ಗೆ ಅಪ್ಪ, ಅಕ್ಕ, ನಾನು ಹುಡುಕಿಕೊಂಡು ಹೋದೆವು. ಹಳ್ಳದ ದಂಡೆಯಲ್ಲಿ ಕೆಂದಿ ಸತ್ತು ಬಿದ್ದಿತ್ತು. ಹಿಂಭಾಗವನ್ನು ಯಾವುದೋ ಪ್ರಾಣಿ ತಿಂದಿತ್ತು. ನೊಣಗಳ ಸದ್ದು, ಹಸಿ ರಕ್ತದ ವಾಸನೆ. ಅಪ್ಪ ಅಳಲೂ ಇಲ್ಲ, ಬೈಯಲೂ ಇಲ್ಲ. ಮನೆಗೆ ಹೋಗಿ ಹತ್ತಿಯ ಹುಳಕ್ಕೆ ಹೊಡೆಯುವ ಔಷಧಿಯ ಡಬ್ಬ ತಂದ. ಮುಚ್ಚಳ ತೆಗೆದ ಕೂಡಲೇ ನನ್ನ ಮೂಗು ಉರಿಯಿತು. ಕೊಂದ ಪ್ರಾಣಿ ಮಿಕ್ಕಿದ್ದನ್ನು ತಿನ್ನಲು ಮತ್ತೆ ಬರುತ್ತದೆ, ಮಾಂಸಕ್ಕೆ ಇದನ್ನು ಸುರಿದರೆ ಅಲ್ಲೇ ಸಾಯುತ್ತದೆ ಎಂದ.

ನಮ್ಮ ಕಡೆ ಹುಲಿಯ ಮೇಲೆ ಯಾರೂ ಕೈ ಮಾಡುವುದಿಲ್ಲ. ಅದು ನಮ್ಮ ಬೆಟ್ಟದ ದೇವರು ಮಾದಪ್ಪನ ವಾಹನ. ಅದಕ್ಕೇ ಅಪ್ಪ ಆಗಿನಿಂದ ‘ಕಿರುಬ, ಕಿರುಬ’ ಎನ್ನುತ್ತಿದ್ದ. ಕಿರುಬ ಎಂದರೆ ನಮ್ಮಲ್ಲಿ ಚಿರತೆ. ಚಿರತೆ ಸತ್ತರೆ ದೇವರು ಯಾಕೆ ಎಂದು ಕೇಳುವುದಿಲ್ಲವಲ್ಲ! ಹಳ್ಳದ ಒದ್ದೆ ಮರಳಲ್ಲಿ ಹೆಜ್ಜೆ ಚೆನ್ನಾಗಿ ಮೂಡಿತ್ತು. ಅಪ್ಪ ಮಾತ್ರ ಆ ಕಡೆ ತಿರುಗಲೇ ಇಲ್ಲ.

ಅಕ್ಕ ಹೆಜ್ಜೆಯ ಮೇಲೆ ಅಂಗೈ ಇಟ್ಟಳು. ಅಂಗೈ ಅದರೊಳಗೆ ಅಡಗಿಹೋಯಿತು.

“ಕಿರುಬನ ಎಜ್ಜೆ ಇಷ್ಟಗಲ ಇದ್ದದಾ, ಅಪ್ಪ?”

“ಕಿರುಬನೇ ಕಣವ್ವ. ಸುಮ್ಕಿರು.”

ಅಕ್ಕ ಸುಮ್ಮನಿರಲಿಲ್ಲ. ಈ ಮಾಂಸವನ್ನು ಅದೊಂದೇ ತಿನ್ನುವುದಿಲ್ಲ, ಹದ್ದುಗಳು ಬರುತ್ತವೆ, ನಮ್ಮ ನಾಯಿಯೂ ಬರುತ್ತದೆ, ಮಳೆ ಬಿದ್ದರೆ ವಿಷ ದನ ಕುಡಿಯುವ ನೀರಿಗೇ ಇಳಿಯುತ್ತದೆ ಎಂದಳು. ಅಪ್ಪ ಕೇಳಿಸದವನಂತೆ ಡಬ್ಬ ಎತ್ತಿದ. ಆಗ ಅಕ್ಕ, ಬೆಟ್ಟದ ಗುಡಿಯಲ್ಲಿ ಹುಲಿವಾಹನಕ್ಕೆ ಮಾಡುವ ಹಾಗೆ, ಆ ಹೆಜ್ಜೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಅಪ್ಪನ ಕೈ ನಿಂತುಹೋಯಿತು. ಕೊನೆಗೂ ಅವನು ಹೆಜ್ಜೆಯನ್ನು ನೋಡಿದ.

“ನಿಂಗೆ ಏರಕ್ಕೆ ಉಲಿ ಬೇಕು. ನಂಗೆ ಆಲ್ ಕರಿಯಕ್ಕೆ ಒಂದ್ ಅಸ ಬ್ಯಾಡ್ವಾ, ಮಾದಪ್ಪ?”

ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಸುಸ್ತಿತ್ತು. ಡಬ್ಬದ ಮುಚ್ಚಳ ಬಿಗಿದು ಮನೆಯ ಕಡೆ ನಡೆದ.

ಹುಲಿ ಬಂದು ತಿಂದುಹೋಯಿತು. ಮಿಕ್ಕಿದ್ದನ್ನು ರಣಹದ್ದುಗಳು ಮುಗಿಸಿದವು. ನಾಯಿ ಉಳಿಯಿತು. ಕರು ಉಳಿಯಲಿಲ್ಲ. ಅಕ್ಕ ಬೆರಳು ಚೀಪಿಸಿ ಕುಡಿಸಿದ ರಾಗಿ ಗಂಜಿ ಅದಕ್ಕೆ ಹಿಡಿಸಲಿಲ್ಲ. ಅದು ಹೋದ ದಿನ ನಮ್ಮ ಮನೆಯಲ್ಲಿ ಯಾರೂ ಉಣ್ಣಲಿಲ್ಲ.

ಮಕ್ಕಳೇ, ನಿಮಗೆ ಹಾಲು ಪ್ಯಾಕೆಟ್ಟಿನಲ್ಲಿ ಬರುತ್ತದೆ, ಹುಲಿ ಫೋನಿನಲ್ಲಿ ಬರುತ್ತದೆ. ಈಗ ಹಸು ಹೋದರೆ ಪರಿಹಾರಕ್ಕೆ ಅರ್ಜಿ ಕೊಡಬಹುದು, ವಿಷ ಇಟ್ಟರೆ ಜೈಲು. ಆದರೂ ಇಡುವವರು ಇಡುತ್ತಲೇ ಇದ್ದಾರೆ. ಅಂಥ ಸುದ್ದಿ ಕೇಳಿ ಕೇಳಿ ನನಗೂ ಸಾಕಾಗಿದೆ. ಇವತ್ತು ನಮ್ಮ ಕಾಡಿನಲ್ಲಿರುವುದು ಆ ಹುಲಿಯ ವಂಶವೇ ಇರಬೇಕು. ನೀವು ಫೋನಿನಲ್ಲಿ ಹುಲಿ ನೋಡಿ ‘ಎಷ್ಟು ಚೆನ್ನಾಗಿದೆ ತಾತ’ ಎನ್ನುತ್ತೀರಿ. ಹೌದು, ಚೆನ್ನಾಗಿದೆ. ನನಗೆ ಮಾತ್ರ ಆಗೆಲ್ಲ ಆ ಕರು ಕೂಗಿದ್ದು ಕೇಳಿಸುತ್ತದೆ.