ಇಮೇಲ್‌ನಲ್ಲಿ ಬಂದ ವಾಸ್ತುಶಾಂತಿ

ಬೆಳಗಾವಿಯ ನಮ್ಮ ಪಂಪ್ ಕಂಪನಿಯಲ್ಲಿ ಎಲ್ಲರ ಇಮೇಲ್ ಅಕೌಂಟುಗಳನ್ನು ಕಳ್ಳರಿಂದ ಕಾಯುತ್ತಿದ್ದವರನ್ನು ನಾವು ಇಮೇಲ್ ಮಾಮಾ ಎನ್ನುತ್ತಿದ್ದೆವು. ಚಹಾ ಕೊಡಲು ಹೋದರೂ ಅವರು ಕೀಬೋರ್ಡನ್ನು ಅಂಗೈಯಿಂದ ಮುಚ್ಚಿಕೊಳ್ಳುತ್ತಿದ್ದರು. "ಫೋನಿಗೆ ಬಂದ ಓಟಿಪಿ ಹಡದವ್ವ ಕೇಳಿದ್ರೂ ಹೇಳಬ್ಯಾಡ್ರಿ" ಎಂಬುದು ಅವರ ನಿತ್ಯದ ಮಂತ್ರ.

ಒಮ್ಮೆ ನಮ್ಮ ಮಾಲೀಕರು ಖಾನಾಪುರದ ಹೊಸ ಮನೆಯ ವಾಸ್ತುಶಾಂತಿಗೆ ಎಲ್ಲರನ್ನೂ ಇಮೇಲ್‌ನಲ್ಲೇ ಕರೆದುಬಿಟ್ಟರು. ಬರುವವರು ಕೆಳಗಿನ ಲಿಂಕ್ ಒತ್ತಬೇಕಿತ್ತು. ಮಾಮಾನ ಕೈಯಲ್ಲಿ ಪಳಗಿದ ನಾವು ಒತ್ತುತ್ತೇವೆಯೇ? ಸೀದಾ ಅವರಿಗೇ ದೂರು ಕೊಟ್ಟೆವು.

ಮಾಮಾ ಅದನ್ನು ಓದಿ ನಕ್ಕರು. "ಖರೇ ಕರಿಯಾವ್ರು ಅಕ್ಷತಾ ಹಿಡ್ಕೊಂಡು ಬರ್ತಾರ್ರಿ. ಯಾವನೋ ಕಳ್ಳ ಮಾಲಕರ ಅಕೌಂಟಿನ್ಯಾಗ ಹೊಕ್ಕಾನ" ಎಂದು ಮಾಲೀಕರ ಅಕೌಂಟನ್ನೇ ಬಂದ್ ಮಾಡಿದರು.

ಮರುದಿನ ಮಾಲೀಕರು ಅಕ್ಷತೆಯ ಬಟ್ಟಲು ಹಿಡಿದು ಮೇಜಿನಿಂದ ಮೇಜಿಗೆ ಬಂದರು. ಮಾಮಾನ ಮುಂದೆ ನಿಂತು, "ಕರಿಯಾಕ ನಾನ ಬಂದೀನ್ರಿ ಮಾಮಾ. ಈಗರ ಅಕೌಂಟ್ ಚಾಲೂ ಮಾಡ್ರಿ" ಎಂದರು.

ಮಾಮಾ ತಲೆಯೆತ್ತದೆ ಏನೋ ಒತ್ತಿದರು. ಮಾಲೀಕರ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು.

"ಓಟಿಪಿ ಬಂದೈತಿ, ಹೇಳ್ರಿ."

ಮಾಲೀಕರು ಫೋನ್ ತೆಗೆದು ನೋಡಿದರು. ಹೇಳಲು ಬಾಯಿ ತೆರೆದವರು ಹಾಗೇ ಮುಚ್ಚಿಕೊಂಡು, ಫೋನನ್ನು ಎದೆಗೆ ಒತ್ತಿ ಹಿಡಿದರು.

"ಹೇಳೂದಿಲ್ರಿ. ಹಡದವ್ವ ಕೇಳಿದ್ರೂ ಹೇಳಬಾರದು."

ಆಗ ಮಾಮಾ ಎದ್ದು ನಿಂತು ಅಕ್ಷತೆಗೆ ಎರಡೂ ಕೈ ಒಡ್ಡಿದರು.

"ಹಂಗಾರ ನೀವು ಖರೇ ಮಾಲಕ್ರ. ಊಟ ಎಷ್ಟ ಗಂಟೆಕ್ಕ ಐತ್ರಿ?"