ಭೂಪ ರಾಗಕ್ಕೆ ಬಾರಾ ಬಿತ್ತು

ಮಾಳಮಡ್ಡಿಯ ಹನಮೇಶ ಜಗತ್ತನ್ನು ಗೆಲ್ಲಲು ಹೊರಟವನಲ್ಲ. ಅವನಿಗೆ ಬೇಕಾಗಿದ್ದದ್ದು ಒಂದೇ ಒಂದು ‘ಭೇಷ್’, ಅದೂ ಗುರುಶಿದ್ದಪ್ಪ ಮಾಸ್ತರರ ಬಾಯಿಂದ. ಹತ್ತು ವರ್ಷದವನಿದ್ದಾಗ ಹಾರ್ಮೋನಿಯಂ ಪೇಟಿ ಕಲಿಯಲು ಹೋದವನನ್ನು ಮಾಸ್ತರರು ಮೂರೇ ತಿಂಗಳಿಗೆ, ‘ತಮ್ಮಾ, ನಿನ್ನ ಬೆರಳಿಗೂ ಸ್ವರಕ್ಕೂ ಆಗಿಬರೂದಿಲ್ಲ. ನೀ ಕ್ರಿಕೆಟ್ ಆಡು ಹೋಗು’ ಎಂದು ಮನೆಗೆ ಕಳಿಸಿದ್ದರು. ಕ್ರಿಕೆಟ್ಟಿನಲ್ಲೂ ಅವನು ಸೊನ್ನೆಗೇ ಔಟಾಗುತ್ತಿದ್ದ ಎಂಬುದು ಬೇರೆ ಮಾತು.

ಇಪ್ಪತ್ತೈದು ವರ್ಷ ಕಳೆದವು. ಹುಬ್ಬಳ್ಳಿಯಲ್ಲಿ ಟೇಪ್‌ರೆಕಾರ್ಡರ್ ರಿಪೇರಿ ಮಾಡಿಕೊಂಡಿದ್ದ ಅವನ ಕೈಗೆ ೧೯೯೮ರಲ್ಲಿ ಯಾವುದೋ ಆಫೀಸಿನವರು ಬೇಡವೆಂದು ಬಿಟ್ಟ ಕಂಪ್ಯೂಟರೊಂದು ಬಂತು. ದಿವ್ಯಾಸ್ತ್ರ! ಬೆರಳಿಗೆ ಸ್ವರ ಒಲಿಯದಿದ್ದರೆ ಬೆರಳೇ ಬೇಡ ಎಂದು ವೀರ ಪಣ ತೊಟ್ಟ. ಝೆರಾಕ್ಸ್ ಪುಸ್ತಕವೊಂದನ್ನು ಓದಿ ಪ್ರೋಗ್ರಾಮ್ ಬರೆದ. ಭೂಪ ರಾಗದ ಐದು ಸ್ವರ ಕೊಟ್ಟ, ಯಾವುದರಿಂದ ಯಾವುದಕ್ಕೆ ಹೋಗಬಹುದೆಂಬ ಕಟ್ಟಳೆ ಕೊಟ್ಟ. ಆ ಕಟ್ಟಳೆಯೊಳಗೆ ಮುಂದಿನ ಸ್ವರವನ್ನು ಯಂತ್ರವೇ ಚೀಟಿ ಎತ್ತಿದಂತೆ ಆರಿಸಬೇಕು. ಹಳೆಯ ಟೇಪ್‌ರೆಕಾರ್ಡರಿನ ಸ್ಪೀಕರಿಗೆ ತಂತಿ ಜೋಡಿಸಿದಾಗ ನೆಗಡಿಯಾದ ಕೊಳಲಿನಂಥ ದನಿ ಹೊರಟಿತು.

ದಿನಾ ಒಂದಿಲ್ಲೊಂದು ಕಟ್ಟಳೆ ತಿದ್ದುತ್ತಿದ್ದ, ದಿನಾ ಹೊಸ ಆಲಾಪ ಕೇಳುತ್ತಿತ್ತು. ಕೊನೆಗೊಂದು ಶನಿವಾರ, ಇನ್ನು ತಿದ್ದುವುದೇನೂ ಉಳಿದಿಲ್ಲವೆಂದು ಕೈ ತೆಗೆದ. ಮರುದಿನವೇ ಮಾಸ್ತರರನ್ನು ಮನೆಗೆ ಕರೆತಂದು ಕುರ್ಚಿಯ ಮೇಲೆ ಕೂರಿಸಿದ.

‘ಒಮ್ಮೆ ಬಾರಿಸಿದ್ದನ್ನ ಇದು ಮತ್ತೊಮ್ಮೆ ಬಾರಿಸೂದಿಲ್ಲರಿ ಮಾಸ್ತರ. ಪ್ರತಿ ಸಲಾ ಹೊಸಾದು!’

‘ಹಂಗಂದ್ರ ನಿನಗಿಂತ ಛಲೋ ಆತು. ನೀ ಒಮ್ಮೆನೂ ಬಾರಿಸಲಿಲ್ಲ.’

ಯಂತ್ರ ಹಾಡಿತು. ಮಾಸ್ತರರ ತಲೆ ಅರ್ಧ ಇಂಚು ತೂಗಿತು. ‘ಭ’ಕಾರಕ್ಕೆ ತುಟಿ ಕೂಡಿದ್ದನ್ನು ಹನಮೇಶ ಕಣ್ಣಾರೆ ಕಂಡ. ಅಷ್ಟರಲ್ಲಿ ಕರೆಂಟು ಹೋಯಿತು.

ಅರ್ಧ ತಾಸಿನ ಮೇಲೆ ಬಂತು. ಕಂಪ್ಯೂಟರ್ ಮತ್ತೆ ಚಾಲೂ ಮಾಡಿದರೆ ಅದೇ ಏರು, ಅದೇ ಇಳಿವು, ಅದೇ ನೆಗಡಿ.

‘ಹನಮೇಶಾ, ಇದು ಆಗಳೇ ಆಗಿತ್ತಲ್ಲೋ!’

ಮೂರನೆಯ ಸಲವೂ ಅದೇ ಆಯಿತು. ಬೆವರು ಒರೆಸಿಕೊಂಡು ಪುಸ್ತಕ ತಿರುವಿದಾಗ ಗುಟ್ಟು ಬಯಲಾಯಿತು. ಇಷ್ಟು ದಿನ ಆಲಾಪ ಬದಲಾಗಿದ್ದು ತಾನು ಕಟ್ಟಳೆ ತಿದ್ದುತ್ತಿದ್ದುದರಿಂದ. ಯಂತ್ರ ಮಾತ್ರ ಪ್ರತಿ ಸಲ ಒಂದೇ ಅಂಕಿಯಿಂದ ಶುರುಮಾಡಿ, ಅದೇ ಚೀಟಿಗಳನ್ನು ಅದೇ ಸಾಲಿನಲ್ಲಿ ಎತ್ತುತ್ತಿತ್ತು.

‘ಚೀಟಿ ಕಲಸೇ ಇಲ್ಲಪಾ ಇದು!’ ಮಾಸ್ತರರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಪಡಸಾಲೆಯಲ್ಲಿ ಒಬ್ಬಳೇ ಎರಡೂ ಕಡೆಯಿಂದ ಚೌಕಾಬಾರಾ ಆಡುತ್ತಿದ್ದ ತಾಯಿ ಮುತ್ತವ್ವ ತಲೆಯೆತ್ತಿದಳು. ‘ಏನಾತೋ?’

‘ಯವ್ವಾ, ಇದಕ್ಕ ಸುರು ಮಾಡಾಕ ಹೊರಗಿಂದ ಒಂದು ನಂಬರ್ ಬೇಕು. ನಾ ಕೊಟ್ರ ನಾನ ಆರಿಸಿದಂಗ ಆಕ್ಕೈತಿ.’

‘ಅದಕ್ಕ್ಯಾಕ ಮಾರಿ ಸಣ್ಣ ಮಾಡಿ? ತಗೋ,’ ಎಂದು ನಾಲ್ಕು ಕವಡಿ ಮುಂದೆ ಸರಿಸಿದಳು. ‘ಮಾಸ್ತರ ಒಗೀಲಿ. ಅವರ ಕೈ ದೊಡ್ಡದು.’

ಮಾಸ್ತರರು ಒಗೆದರು. ನಾಲ್ಕೂ ಕವುಚಿ ಬಿದ್ದು ಎಂಟಾಯಿತು.

‘ಬಾರಾ! ಮತ್ತೊಮ್ಮೆ ಒಗೀರಿ!’ ನಾಲ್ಕು ಬಿದ್ದರೂ ಎಂಟು ಬಿದ್ದರೂ ಇನ್ನೊಮ್ಮೆ ಒಗೆಯಲೇಬೇಕು. ಕಂಪ್ಯೂಟರಿಗೆಂದು ಆಟದ ನೇಮ ಬಿಡುವವಳಲ್ಲ ಮುತ್ತವ್ವ. ನಾಲ್ಕು ಬಿತ್ತು. ಮತ್ತೆ ಒಗೆದರು, ಮೂರು.

ಹನಮೇಶ ೮೪೩ ಒತ್ತಿದ. ಹೊಚ್ಚ ಹೊಸ ಆಲಾಪವೊಂದು ಧೈವತದವರೆಗೆ ಹತ್ತಿ, ಅಲ್ಲಿ ಅನುಮಾನಿಸಿ, ಮೆಲ್ಲಗೆ ಇಳಿದು ಗಾಂಧಾರದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿತು.

‘ಭೇಷ್!’ ಎಂದರು ಮಾಸ್ತರರು. ಹನಮೇಶನ ಕಣ್ಣು ತುಂಬಿ ಬಂತು. ‘ಭೇಷ್ ನನ್ನ ಕೈ! ನೋಡ್ರಿ ಮುತ್ತವ್ವಾರ, ಹೆಂಗ ಬಿತ್ತು!’

ಇಪ್ಪತ್ತೈದು ವರ್ಷದ ಭೇಷ್ ಅವನ ಮೂಗಿನ ಮುಂದೆಯೇ ಹಾದು ಬೇರೆಯವರ ಅಂಗೈಯಲ್ಲಿ ಇಳಿಯಿತು.

ಅಂದಿನಿಂದ ಮಾಸ್ತರರು ರವಿವಾರ ತಪ್ಪಿಸಲಿಲ್ಲ. ಮನಸ್ಸಿಗೆ ಬಂದ ಆಲಾಪದ ನಂಬರನ್ನು ಮುತ್ತವ್ವ ಅಡುಗೆಮನೆಯ ಬಾಗಿಲ ಮೇಲೆ ಸೀಮೆಸುಣ್ಣದ ಖಡುವಿನಿಂದ ಬರೆದಿಡುತ್ತಿದ್ದಳು. ಅದೇ ನಂಬರ್ ಕೊಟ್ಟರೆ ಅದೇ ಆಲಾಪ. ಮಾನ ಕಳೆದ ದೋಷವೇ ಈಗ ಸೌಕರ್ಯವಾಗಿತ್ತು. ೨೦೦೪ರ ಹೊತ್ತಿಗೆ ಬಾಗಿಲು ತುಂಬಿ ಚೌಕಟ್ಟಿಗೂ ಬರಹ ಹಬ್ಬಿತ್ತು.

ಆ ವರ್ಷದ ಒಂದು ರವಿವಾರ, ‘ಎಂಟು ನಾಕು ಮೂರು ಹಚ್ಚೋ’ ಎಂದು ಮಾಸ್ತರರು ಪಡಸಾಲೆಯಿಂದ ಕೂಗಿದರು. ಹನಮೇಶ ಅವಸರದಲ್ಲಿ ೮೩೪ ಒತ್ತಿದ. ಎರಡು ಸ್ವರ ಹೊರಟಿದ್ದವೋ ಇಲ್ಲವೋ, ‘ತಮ್ಮಾ, ಬೆರಳು ತಪ್ಪಿತು! ಮತ್ತ ಸುರು ಮಾಡು!’ ಎಂಬ ಗುಡುಗು ಕೇಳಿಸಿತು.

ಹನಮೇಶ ಹಿಗ್ಗಿ ಹೀರೇಕಾಯಾದ. ಮನೆಗೆ ಕಳಿಸಿಬಿಟ್ಟ ಹುಡುಗನಿಗೆ ಯಾವ ಮಾಸ್ತರರೂ ‘ಮತ್ತ ಸುರು ಮಾಡು’ ಅನ್ನುವುದಿಲ್ಲ.

‘ಹೂಂರಿ ಮಾಸ್ತರ,’ ಎಂದು, ಒಂದೊಂದೇ ಬೆರಳನ್ನು ಪೇಟಿಯ ಮೇಲೆ ಇಟ್ಟಂತೆ ಇಟ್ಟು, ೮೪೩ ಒತ್ತಿದ.