ಸಬ್‌ಸ್ಟೇಷನ್ನಿನ ಹುಲ್ಲು ಕಾಯುವ ಮರುಳಸಿದ್ದಮ್ಮ
ಕೊಟ್ಟೂರು ದಾರಿಯ ವಿದ್ಯುತ್ ಸಬ್‌ಸ್ಟೇಷನ್ನಿನಲ್ಲಿ ಕಸ ಗುಡಿಸಿ ಹುಲ್ಲು ಕೀಳುವ ಕೆಲಸ ಮರುಳಸಿದ್ದಮ್ಮನದು. ಆದರೆ ಆಕೆ ಕೀಳುವುದಕ್ಕಿಂತ ಕಾಯುವುದೇ ಹೆಚ್ಚು. ಟ್ರಾನ್ಸ್‌ಫಾರ್ಮರ್ ಸುತ್ತ ಒಂದೆಳೆಯೂ ಉಳಿಯದಂತೆ ಕಿತ್ತರೂ, ಬೇಲಿಯಂಚಿನ ಎರಡೆಕರೆಗೆ ಮಾತ್ರ ಕುಡುಗೋಲು ತಾಗಿಸುವುದಿಲ್ಲ. ಅಲ್ಲಿನ ಲಾವಕ್ಕಿ, ಓತಿಕ್ಯಾತ, ತಂಗಡಿ ಹೂವಿಗೆ ಬರುವ ಚಿಟ್ಟೆ, ಎಲ್ಲಕ್ಕೂ ಅವಳದೇ ಯಜಮಾನಿಕೆ. ಜಲ್ಲಿಯ ಮೇಲೆ ಟಿಟ್ಟಿಭ ಹಕ್ಕಿ ಮೊಟ್ಟೆಯಿಟ್ಟರೆ ಜೀಪಿಗೂ ಅಡ್ಡ ನಿಂತು, “ಬಾಣಂತಿ ಅದಾಳ, ಸುತ್ತು ಹಾಕಿ ಹೋಗ್ರಿ” ಎನ್ನುತ್ತಾಳೆ. ಕಳೆನಾಶಕದ ಡಬ್ಬಿ ಬಂದ ದಿನ ಸಂಜೆಯವರೆಗೂ ಅದರ ಮೇಲೆಯೇ ಕೂತಿದ್ದಳು. ಹೊಸ ಎಂಜಿನಿಯರ್ ನಕ್ಕು, ಬೇಲಿಯಂಚಿಗೆ ಔಷಧಿ ಹೊಡೆಯಬಾರದೆಂದು ಬರೆದುಕೊಟ್ಟು, “ಹಕ್ಕಿ ಅಂದ್ರ ನಿಮಗ ಭಾಳ ಪ್ರೀತಿ ಅಲ್ಲೇನಮ್ಮ” ಎಂದು ಕೇಳಿದರು. ಆಕೆ ನೆಲ ನೋಡುತ್ತ ಹೇಳಿದಳು: “ನಮ್ಮನಿಯವ್ರು ಲೈನ್‌ಮನ್ ಇದ್ರು, ಸಾಹೇಬ್ರ. ನಮ್ಮ ಮನಿ ಮುಂದಿನ ಕಂಬದಾಗ ಕಾಗಿ ಗೂಡು ತೆಗ್ಯಾಕ ಹೋಗಿ ಕರೆಂಟು ಹೊಡದು ಸತ್ರು. ಅದಕ್ಕ ನನಗ ಈ ಕೆಲಸ ಕೊಟ್ರು. ಅವರ ಜೋಡಿ ಗೂಡೂ ಕೆಳಗ ಬಿದ್ದಿತ್ತು, ಅದರಾಗ ಎರಡು ಮರಿ ಜೀವಂತ ಇದ್ವು. ಮನಿ ತುಂಬ ಮಂದಿ, ಎಲ್ಲಾರೂ ನನಗ ಉಣ್ಣು ಉಣ್ಣು ಅಂತಿದ್ರು. ಆ ಮರಿ ಮೂರು ದಿನ ಒದರಿ ಒದರಿ ಸತ್ತವು. ನನಗ ಕೇಳಸ್ತಿತ್ತು. ನಾನು ಏಳಲಿಲ್ಲ.”